ಮೈಸೂರಲ್ಲಿ ಕೂತು ಆರ್ಕ್ಟಿಕ್ ನೊಣ ಗುರ್ತಿಸೋದು ಹೇಗೆ: ಶುರುವಿಂದ ಲೇಬಲ್ ಬರೆಯೋವರ್ಗೂ

ಮೈಸೂರು ಮಂಡ್ಯ ಕಡೆ ಜೂವಾಲಜಿ ಓದ್ತಿರೋರು ಸುಮಾರು ಜನ ಕೇಳ್ತಾರೆ, ಆರ್ಕ್ಟಿಕ್ ನೊಣದ ಫೋಟೋ ಸಿಕ್ಕಿದೆ, ಇಲ್ಲಾಂದ್ರೆ ಯಾರೋ ಪಿನ್ ಮಾಡಿರೋ ಸ್ಪೆಸಿಮನ್ ನೋಡೋಕೆ ಕೊಟ್ಟಿದಾರೆ, ಆದ್ರೆ ನಾವು ಹಿಮಾನೇ ನೋಡಿಲ್ಲ, ಅಲ್ಲಿನ ನೊಣಕ್ಕೆ ಇಲ್ಲಿ ಕೂತು ಹೆಸರು ಹೇಳೋಕಾಗುತ್ತಾ ಅಂತ. ಖಂಡಿತ ಆಗುತ್ತೆ. ನೊಣದ ಹೆಸರು ಹೇಳೋದು ಅದರ ಮೈಮೇಲಿರೋ ಬಿರುಗೂದಲು, ಅದು ಎಲ್ಲಿದೆ, ಎಲ್ಲಿಲ್ಲ ಅನ್ನೋದು. ಅದನ್ನ ನೋಡೋ ಕಣ್ಣು ನಮ್ಮೂರ ನೊಣದ ಮೇಲೇ ಪಳಗಿಸ್ಕೊಬೋದು, ಯಾಕಂದ್ರೆ ಆರ್ಕ್ಟಿಕ್‌ನಲ್ಲಿ ಸತ್ತ ಪ್ರಾಣಿ ಮೇಲೆ ಕೂರೋ ನೊಣ, ನಮ್ಮ ಮೀನಂಗಡಿ ಮುಂದೆ ಗುಂಯ್ ಅನ್ನೋ ನೊಣ, ಎರಡೂ ಒಂದೇ ಉಪಕುಟುಂಬದ್ದು.

ಇಲ್ಲಿ ಉದಾಹರಣೆಗೆ ಒಂದೇ ಒಂದು ಸ್ಪೀಶೀಸ್ ಹಿಡ್ಕೊಂಡು ಕೊನೇವರ್ಗೂ ಹೋಗೋಣ. ಅದು ಪ್ರೋಟೋಫಾರ್ಮಿಯಾ ಟೆರ್ರಿನೋವಿ. ಕಪ್ಪು ನೀಲಿ ಮಿಶ್ರ ಮಿರಮಿರ ಅನ್ನೋ ನೊಣ, ಉತ್ತರ ಅಮೆರಿಕ, ಯುರೋಪ್, ಏಷ್ಯಾ ಮೂರೂ ಕಡೆಯ ಉತ್ತರ ಭಾಗದಲ್ಲಿದೆ, ಕೆನಡಾದ ಆರ್ಕ್ಟಿಕ್‌ನಲ್ಲೂ ಧಾರಾಳವಾಗಿದೆ. ಚಳಿಗಾಲನ ದೊಡ್ಡ ನೊಣವಾಗೇ ಕಳೆಯುತ್ತೆ, ಅಂದ್ರೆ ಮೊಟ್ಟೇನೋ ಪ್ಯೂಪಾನೋ ಆಗಿ ಅಲ್ಲ, ಅದಕ್ಕೇ ಬಿಸಿಲು ಬಂದ ತಕ್ಷಣ ಮೊದಲು ಕಾಣೋ ನೊಣಗಳಲ್ಲಿ ಇದೂ ಒಂದು. ಇದರ ಹುಳುಗಳು ಹೆಣ ತಿನ್ನುತ್ವೆ, ಕೆಲವು ಸಲ ಬದುಕಿರೋ ಹಿಮಸಾರಂಗ, ಕುರಿಗಳ ಗಾಯದಲ್ಲೂ ಬೆಳೆಯುತ್ವೆ, ಆದ್ದರಿಂದ ಪಶುವೈದ್ಯರಿಗೂ ಫೊರೆನ್ಸಿಕ್ ಕೆಲಸದೋರಿಗೂ ಇದರ ಹೆಸರು ಸರಿಯಾಗಿ ಗೊತ್ತಿರಬೇಕು.

ಮೊದಲು ಸಾಮಾನು

ಸ್ಟೀರಿಯೋ ಮೈಕ್ರೋಸ್ಕೋಪ್ ಬೇಕು, 10ರಿಂದ 40 ಪಟ್ಟು ದೊಡ್ಡದಾಗಿ ತೋರಿಸಿದ್ರೆ ಸಾಕು. ಕಾಲೇಜ್ ಲ್ಯಾಬಲ್ಲಿ ಕೇಳಿದ್ರೆ ಸಾಮಾನ್ಯವಾಗಿ ಸಿಗುತ್ತೆ, ಅದರಲ್ಲೂ ಮೈಸೂರಿನೋರಿಗೆ ಕೇಳೋಕೆ ಒಳ್ಳೆ ಜಾಗ ಇದೆ, ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಜೂವಾಲಜಿ ವಿಭಾಗದಲ್ಲಿ ಡ್ರೊಸೊಫಿಲಾ (ಹಣ್ಣಿನ ಮೇಲೆ ಕೂರೋ ಪುಟ್ಟ ನೊಣ) ಸ್ಟಾಕ್ ಸೆಂಟರೇ ಇದೆ, ನೊಣಾನ ಗಂಭೀರವಾಗಿ ನೋಡೋ ಪರಂಪರೆ ಈ ಊರಲ್ಲಿ ಹೊಸದೇನಲ್ಲ. ಮೈಕ್ರೋಸ್ಕೋಪಿಗಿಂತ ಬೆಳಕು ಮುಖ್ಯ ಅಂತ ನಾನು ಹೇಳ್ತೀನಿ. ಮಿರುಗೋ ನೊಣದ ಮೇಲೆ ನೇರವಾಗಿ ಎಲ್‌ಇಡಿ ಬಿಟ್ರೆ ಬರೀ ಹೊಳಪೇ ಕಾಣುತ್ತೆ, ಕೂದಲು ಕಾಣಲ್ಲ, ಲ್ಯಾಂಪಿಗೂ ನೊಣಕ್ಕೂ ಮಧ್ಯೆ ಒಂದು ಟ್ರೇಸಿಂಗ್ ಪೇಪರ್ ಅಡ್ಡ ಹಿಡೀರಿ, ಎಲ್ಲಾ ಬಿಡಿಸಿ ಬಿಡಿಸಿ ಕಾಣೋಕೆ ಶುರುವಾಗುತ್ತೆ. ಪಿನ್ ಚುಚ್ಚಿ ನಿಲ್ಲಿಸೋಕೆ ಮಕ್ಕಳು ಆಡೋ ಕ್ಲೇ ಒಂದು ಉಂಡೆ ಇಟ್ಕೊಳಿ, ನೊಣಾನ ಯಾವ ಕೋನಕ್ಕೆ ಬೇಕೋ ಆ ಕೋನಕ್ಕೆ ಓರೆ ಮಾಡ್ಬೋದು, ಈ ಕೆಲಸದಲ್ಲಿ ಅರ್ಧ ಸಮಯ ಹೋಗೋದೇ ಓರೆ ಮಾಡೋದ್ರಲ್ಲಿ.

ನಮ್ಮೂರ ನೊಣದ ಮೇಲೆ ಕೈ ಪಳಗಿಸೋದು

ಇದನ್ನ ಬಿಟ್ಟು ನೇರ ಆರ್ಕ್ಟಿಕ್ ಸ್ಪೆಸಿಮನ್ ಮುಟ್ಟಬೇಡಿ, ಅದು ಬೇರೆಯವರ ಸೊತ್ತು, ಒಂದು ಕೂದಲು ಉದುರಿದ್ರೂ ಮತ್ತೆ ಬರಲ್ಲ.

ನೀರಿನ ಬಾಟಲ್ ಒಂದರ ಮೇಲ್ಭಾಗ ಕತ್ತರಿಸಿ ಉಲ್ಟಾ ಮಾಡಿ ಒಳಗೆ ಕೂರಿಸಿ, ತಳದಲ್ಲಿ ಮೀನಿನ ಕರುಳೋ ತಲೆಯೋ ಹಾಕಿ ಮನೆ ಹಿತ್ತಲಲ್ಲಿ ಬೆಳಗ್ಗೆ ಇಟ್ರೆ ಮಧ್ಯಾಹ್ನದೊಳಗೆ ನೊಣ ಬಿದ್ದಿರುತ್ವೆ. ಬಾಟಲ್ ಸಮೇತ ಕವರಲ್ಲಿ ಕಟ್ಟಿ ಒಂದು ರಾತ್ರಿ ಫ್ರೀಜರಲ್ಲಿಟ್ಬಿಡಿ, ಕೆಮಿಕಲ್ ಏನೂ ಬೇಡ (ಮನೇಲಿ ಒಂದು ಮಾತು ಹೇಳಿ ಇಡಿ). ಇದರಲ್ಲಿ ಎರಡು ನೊಣ ಹುಡುಕಬೇಕು, ಕ್ರೈಸೋಮಿಯಾ ಮೆಗಾಸೆಫಲಾ, ಕ್ರೈಸೋಮಿಯಾ ರೂಫಿಫೇಸೀಸ್. ಎರಡೂ ಹಸಿರು ನೀಲಿ ಹೊಳಪಿನವು. ಮೆಗಾಸೆಫಲಾದ ಗಂಡು ಸುಲಭ, ದೊಡ್ಡ ಕೆಂಪು ಕಣ್ಣು, ಕಣ್ಣಿನ ಮೇಲ್ಭಾಗದ ಫ್ಯಾಸೆಟ್‌ಗಳು, ಅಂದ್ರೆ ಕಣ್ಣಿನ ಪುಟ್ಟ ಪುಟ್ಟ ಮಸೂರಗಳು, ಕೆಳಭಾಗದಕ್ಕಿಂತ ದಪ್ಪ, ಮಧ್ಯೆ ಗೆರೆ ಎಳೆದಂಗೆ ವ್ಯತ್ಯಾಸ ಕಾಣುತ್ತೆ. ಇವೆರಡೂ ಯಾಕೆ ಬೇಕು ಅನ್ನೋದು ಮುಂದೆ ಗೊತ್ತಾಗುತ್ತೆ. ಜೊತೆಗೆ ಮನೆ ನೊಣ ಒಂದು, ಎದೆ ಮೇಲೆ ಮೂರು ಕಪ್ಪು ಪಟ್ಟೆ ಇರೋ ಬೂದು ಬಣ್ಣದ ಮಾಂಸದ ನೊಣ ಒಂದು, ಸಿಕ್ಕಿದ್ರೆ ರೇಷ್ಮೆ ಮನೆಯಿಂದ ಊಜಿ ನೊಣ ಒಂದು. ಈ ಐದು ನೊಣ ನಿಮ್ಮ ಡಬ್ಬೀಲಿದ್ರೆ ಪಾಠಪುಸ್ತಕ ಇದ್ದಂಗೆ.

ಪಿನ್ನನ್ನ ಎದೆಯ ನಡುಗೆರೆಯಿಂದ ಸ್ವಲ್ಪ ಬಲಕ್ಕೆ ಚುಚ್ಚಿ, ನಡುವೆ ಚುಚ್ಚಬೇಡಿ. ಪಿನ್ ಹೋದ ಕಡೆ ಕೂದಲು ಹಾಳಾಗುತ್ತೆ, ಎಡಗಡೆ ಪೂರ್ತಿ ಚೆನ್ನಾಗಿ ಉಳಿದ್ರೆ ಗುರ್ತಿಸೋಕೆ ಅಷ್ಟು ಸಾಕು. ಪಿನ್ ಮಾಡಿದ ಮೇಲೆ ರೆಕ್ಕೆ ಹಿಂದಕ್ಕೆ ಮಡಚಿಕೊಳ್ಳೋ ಮುಂಚೆ ಸ್ವಲ್ಪ ಹೊರಗೆ ತಳ್ಳಿ ಒಣಗಿಸಿ, ಇಲ್ಲಾಂದ್ರೆ ರೆಕ್ಕೆ ಬುಡ ನೋಡೋಕೆ ಆಗಲ್ಲ, ನಮಗೆ ಬೇಕಾಗಿರೋದು ರೆಕ್ಕೆ ಬುಡಾನೇ.

ದೊಡ್ಡ ಗುಂಪಿಂದ ಚಿಕ್ಕ ಗುಂಪಿಗೆ ಇಳಿಯೋದು

ಈಗ ಅಸಲಿ ಕೆಲಸ. ಯಾವತ್ತೂ "ಇದು ನೋಡೋಕೆ ಆ ಫೋಟೋ ಥರಾನೇ ಇದೆ" ಅಂತ ನೇರ ಸ್ಪೀಶೀಸಿಗೆ ಹಾರಬೇಡಿ. ಗಣ (ಆರ್ಡರ್), ಕುಟುಂಬ, ಉಪಕುಟುಂಬ, ಜೀನಸ್, ಆಮೇಲೆ ಸ್ಪೀಶೀಸ್, ಹಿಂಗೆ ಮೆಟ್ಟಲು ಮೆಟ್ಟಲಾಗಿ ಇಳೀಬೇಕು, ಪ್ರತಿ ಮೆಟ್ಟಲಲ್ಲೂ ಏನು ನೋಡಿದ್ರಿ ಅಂತ ನೋಟ್ ಬುಕ್ಕಲ್ಲಿ ಬರ್ಕೊಬೇಕು.

ಒಂದು ಜೊತೆ ರೆಕ್ಕೆ, ಅದರ ಹಿಂದೆ ಗುಂಡಿ ತರ ಪುಟ್ಟ ಹಾಲ್ಟಿಯರ್ ಇದ್ರೆ ಡಿಪ್ಟೆರಾ, ಅಂದ್ರೆ ನೊಣ ಸೊಳ್ಳೆಗಳ ಗಣ. ಆರ್ಕ್ಟಿಕ್‌ನಲ್ಲಿ ಈ ಹಂತಾನೂ ಬಿಡೋ ಹಂಗಿಲ್ಲ, ಯಾಕಂದ್ರೆ ಹಿಮಸಾರಂಗದ ಚರ್ಮದೊಳಗೆ ಹುಳು ಬೆಳೆಸೋ ಹೈಪೋಡರ್ಮಾ ಟಾರಾಂಡಿ ಅನ್ನೋ ನೊಣ ಮೈತುಂಬ ರೋಮ ಇಟ್ಕೊಂಡು ಥೇಟ್ ದುಂಬಿ ಥರಾನೇ ಕಾಣುತ್ತೆ, ರೆಕ್ಕೆ ಎಣಿಸಿದ್ರೆ ಮಾತ್ರ ಸತ್ಯ ಗೊತ್ತಾಗೋದು. 1732ರಲ್ಲಿ ಲ್ಯಾಪ್‌ಲ್ಯಾಂಡ್ ಸುತ್ತಿ ಬಂದಿದ್ದ ಲಿನ್ನೇಯಸ್ 1758ರಲ್ಲಿ ಅದಕ್ಕೆ ಹೆಸರಿಟ್ಟ.

ಆಮೇಲೆ ಮೀಸೆ (ಆಂಟೆನಾ) ನೋಡಿ. ಉದ್ದ, ಗಂಟು ಗಂಟಾಗಿ ಸುಮಾರು ತುಂಡುಗಳಿದ್ರೆ ಅದು ಸೊಳ್ಳೆ, ಇಲ್ಲಾಂದ್ರೆ ಸೊಳ್ಳೆ ಥರಾನೇ ಕಾಣೋ ಆದ್ರೆ ಕಚ್ಚದ ಕೈರೊನೊಮಿಡ್ ಕಡೆಯದು. ಆರ್ಕ್ಟಿಕ್‌ನ ಕೀಟ ಸ್ಪೀಶೀಸ್‌ಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಡಿಪ್ಟೆರಾನೇ, ಅದರೊಳಗೂ ಕೈರೊನೊಮಿಡ್‌ಗಳದ್ದೇ ದೊಡ್ಡ ಪಾಲು. ಅವನ್ನ ಪಿನ್ ಮಾಡಬಾರದು, ಆಲ್ಕೋಹಾಲಲ್ಲಿಟ್ಟು ಸ್ಲೈಡ್ ಮಾಡಬೇಕು, ಅದೇ ಬೇರೆ ವಿದ್ಯೆ. ಮೀಸೆ ಗಿಡ್ಡ, ಮೂರನೇ ತುಂಡಿನ ಮೇಲೆ ಒಂದು ಅರಿಸ್ಟಾ ಕೂದಲು, ರೆಕ್ಕೆ ಬುಡದಲ್ಲಿ ಕ್ಯಾಲಿಪ್ಟರ್ ಅನ್ನೋ ಪೊರೆ ದೊಡ್ಡದಾಗಿದ್ರೆ ನೀವು ಸರಿ ದಾರೀಲಿದೀರ.

ಇಲ್ಲಿಂದ ಕುಟುಂಬ. ಇದು ಇಡೀ ಕೆಲಸದ ಕೀಲಿ, ಇದಕ್ಕೆ ಟೈಮ್ ಕೊಡಿ. ನೊಣಾನ ಪಕ್ಕಕ್ಕೆ ಓರೆ ಮಾಡಿ, ಹಿಂದಿನ ಸ್ಪೈರಕಲ್, ಅಂದ್ರೆ ಎದೆಯ ಪಕ್ಕದಲ್ಲಿ ಹಾಲ್ಟಿಯರ್ ಕೆಳಗಿರೋ ಉಸಿರುಕಿಂಡಿ, ಅದನ್ನ ಹುಡುಕಿ. ಅದರ ಕೆಳಗೆ ಸ್ವಲ್ಪ ಮುಂದೆ, ಹಿಂಗಾಲಿನ ಬುಡದ ಮೇಲಕ್ಕೆ ಮೆರಾನ್ ಅನ್ನೋ ತಟ್ಟೆ ಇದೆ. ಅದರ ಮೇಲೆ ದಪ್ಪ ಬಿರುಗೂದಲು ಸಾಲಾಗಿ ನಿಂತಿದಾವಾ? ಮನೆ ನೊಣದಲ್ಲಿ ನೋಡಿ, ಆ ಸಾಲಿಲ್ಲ, ಬೋಳು. ಈಗ ಕ್ರೈಸೋಮಿಯಾ ಇಡಿ, ಬಾಚಣಿಗೆ ಹಲ್ಲಿನ ಥರ ಒಂದು ಸಾಲು ಎದ್ದು ಕಾಣುತ್ತೆ. ಒಂದು ಸಲ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಬಿಟ್ರೆ ಜೀವನದಲ್ಲಿ ಮರೆಯೋಲ್ಲ.

ಸಾಲು ಇಲ್ಲ ಅಂದ್ರೆ ಮನೆ ನೊಣದ ಕುಟುಂಬವಾದ ಮಸ್ಸಿಡೇ ಅಥವಾ ಅದರ ನೆಂಟರು. ಆರ್ಕ್ಟಿಕ್‌ನಲ್ಲಿ ಇವು ಬಹಳ ಮುಖ್ಯ. ಸ್ಪಿಲೊಗೋನಾ ಅನ್ನೋ ಜೀನಸ್ ಅಲ್ಲಿ ತುಂಬಿ ತುಳುಕ್ತಿದೆ, ಈಶಾನ್ಯ ಗ್ರೀನ್‌ಲ್ಯಾಂಡಿನ ಝಾಕೆನ್‌ಬರ್ಗ್‌ನಲ್ಲಿ ಡ್ರೈಯಸ್ ಅನ್ನೋ ಬಿಳಿ ಹೂವಿಗೆ ಪರಾಗಸ್ಪರ್ಶ ಮಾಡೋದ್ರಲ್ಲಿ ಸ್ಪಿಲೊಗೋನಾ ಸ್ಯಾಂಕ್ಟಿಪಾಲಿ ದೊಡ್ಡ ಪಾತ್ರ ವಹಿಸುತ್ತೆ ಅಂತ 2016ರ ಅಧ್ಯಯನದಲ್ಲಿ ಬಂತು. ನಾವು ಹೂವು ಅಂದ್ರೆ ಜೇನು ಅಂತೀವಿ, ಅಲ್ಲಿ ಹೂವು ಅಂದ್ರೆ ನೊಣ. ಅದೇ ಝಾಕೆನ್‌ಬರ್ಗ್‌ನಲ್ಲಿ 1996ರಿಂದ 2014ರವರೆಗೆ ಬಲೆಗೆ ಬಿದ್ದ ಮಸ್ಸಿಡ್ ನೊಣಗಳನ್ನ ಸ್ಪೀಶೀಸ್ ಮಟ್ಟಕ್ಕೆ ಗುರ್ತಿಸಿ ನೋಡಿದಾಗ, ಸಂಖ್ಯೆ ಸುಮಾರು 80% ಕುಸಿದಿದೆ ಅಂತ ಗೊತ್ತಾಯ್ತು. ಯಾರೋ ಒಬ್ರು ಕೂತು ಒಂದೊಂದೇ ನೊಣದ ಕೂದಲು ನೋಡಿದ್ದಕ್ಕೇ ಯಾವ ಸ್ಪೀಶೀಸ್ ಉಳೀತು ಯಾವುದು ಹೋಯ್ತು ಅಂತ ಹೇಳೋಕಾಗಿದ್ದು, ಬರೀ "ನೊಣ" ಅಂತ ಬರೆದು ಡಬ್ಬಿಗೆ ಹಾಕಿದ್ರೆ ಆಗ್ತಿರ್ಲಿಲ್ಲ.

ಸಾಲು ಇದೆ ಅಂದ್ರೆ ಮುಂದಿನ ಪ್ರಶ್ನೆ, ಊಜಿ ನೊಣದ ಕುಟುಂಬಾನಾ? ಎದೆಯ ಹಿಂಭಾಗದಲ್ಲಿ ಸ್ಕ್ಯೂಟೆಲ್ಲಮ್ ಅನ್ನೋ ಗುರಾಣಿ ತುಂಡಿದೆ, ಅದರ ಕೆಳಗೆ ಇನ್ನೊಂದು ಉಬ್ಬು, ಸಬ್‌ಸ್ಕ್ಯೂಟೆಲ್ಲಮ್, ದುಂಡಗೆ ಎದ್ದು ಬಂದಿದ್ರೆ ಟಾಕಿನಿಡೇ. ರೇಷ್ಮೆ ಬೆಳೆಯೋ ಮಂಡ್ಯ ರಾಮನಗರ ಕಡೆಯೋರಿಗೆ ಊಜಿ ಏನು ಮಾಡುತ್ತೆ ಅಂತ ನಾನು ಹೇಳಬೇಕಾಗಿಲ್ಲ, 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದಿದ್ದು, ಹುಳುವಿನ ಮೈಮೇಲೆ ಕಪ್ಪು ಮಚ್ಚೆ ಬಿಟ್ಟು ಬೆಳೇನೇ ತಿಂದು ಹಾಕುತ್ತೆ. ಆ ಸಿಟ್ಟಲ್ಲಿ ಹೊಸಕಿ ಹಾಕೋ ಮುಂಚೆ ಒಂದನ್ನ ಪಕ್ಕದಿಂದ ಲೆನ್ಸಲ್ಲಿ ನೋಡಿ, ಆ ಉಬ್ಬು ಇದಕ್ಕಿಂತ ಚೆನ್ನಾಗಿ ಇನ್ಯಾವ ನೊಣದಲ್ಲೂ ಕಲಿಯೋಕಾಗಲ್ಲ. ನಮ್ಮ ಆರ್ಕ್ಟಿಕ್ ಸ್ಪೆಸಿಮನ್ನಲ್ಲಿ ಆ ಉಬ್ಬು ಇಲ್ಲ.

ಮಾಂಸದ ನೊಣ, ಅಂದ್ರೆ ಸಾರ್ಕೊಫ್ಯಾಜಿಡೇ, ಬೂದು, ಲೋಹದ ಹೊಳಪಿಲ್ಲ, ನೋಟೋಪ್ಲ್ಯೂರಾನ್ ಅನ್ನೋ ಭುಜದ ಹಿಂದಿನ ತ್ರಿಕೋನದಲ್ಲಿ ಸಾಮಾನ್ಯವಾಗಿ ನಾಲ್ಕು ಬಿರುಗೂದಲು. ಮಿರುಗೋ ನಮ್ಮ ಗುಂಪಲ್ಲಿ ಎರಡೇ. ಎರಡು ಕೂದಲು, ಮೆರಾನ್ ಮೇಲೆ ಸಾಲು, ಕೆಳಗೆ ಉಬ್ಬಿಲ್ಲ, ಲೋಹದ ಹೊಳಪು, ಇಷ್ಟೂ ಕೂಡಿ ಬಂದ್ರೆ ಕ್ಯಾಲಿಫೊರಿಡೇ ಅಂತ ಬರ್ಕೊಳಿ.

ರೆಕ್ಕೆ ಬುಡದ ಆ ಒಂದು ಸಾಲು

ಈಗ ಉಪಕುಟುಂಬ. ರೆಕ್ಕೆ ಎದೆಗೆ ಸೇರೋ ಜಾಗದಲ್ಲಿ ಒಂದು ದಪ್ಪ ನರ ಶುರುವಾಗಿ ಆಮೇಲೆ ಕವಲಾಗುತ್ತೆ, ಕವಲಾಗೋ ಮುಂಚಿನ ಆ ಕಾಂಡಕ್ಕೆ ಸ್ಟೆಮ್ ವೇನ್ ಅಂತಾರೆ. ಅದರ ಮೇಲ್ಗಡೆ ಹಿಂದಿನ ಅಂಚಲ್ಲಿ ಸಣ್ಣ ಸಣ್ಣ ಕೂದಲಿನ ಸಾಲು ಇದ್ರೆ ಕ್ರೈಸೋಮೈನೇ ಉಪಕುಟುಂಬ. ಇಲ್ಲಾಂದ್ರೆ ಕ್ಯಾಲಿಫೋರಾ, ಲ್ಯೂಸಿಲಿಯಾ, ಸೈನೋಮಿಯಾ ಕಡೆ ಹೋಗಬೇಕು, ಇವೂ ಉತ್ತರದಲ್ಲಿವೆ, ನೀಲಿ ಬಣ್ಣ ನೋಡಿ ಮೋಸ ಹೋಗೋದು ಇಲ್ಲೇ. ಕ್ಯಾಲಿಫೋರಾನೂ ನೀಲಿ, ಪ್ರೋಟೋಫಾರ್ಮಿಯಾನೂ ನೀಲಿ, ಫೋಟೋದಲ್ಲಿ ಎರಡೂ ಒಂದೇ ಥರ. ಸ್ಟೆಮ್ ವೇನ್ ನೋಡಿದ್ರೆ ಒಂದೇ ಕ್ಷಣದಲ್ಲಿ ಬೇರೆಯಾಗ್ಬಿಡ್ತವೆ.

ನಿಮ್ಮ ಮೀನಿನ ಬಾಟಲಿಯ ಕ್ರೈಸೋಮಿಯಾ ಈಗ ಉಪಯೋಗಕ್ಕೆ ಬರುತ್ತೆ. ಅದರ ಸ್ಟೆಮ್ ವೇನ್ ಮೇಲೂ ಅದೇ ಸಾಲಿದೆ. 30 ಪಟ್ಟಿಗೆ ಹಾಕಿ, ಬೆಳಕನ್ನ ಪಕ್ಕದಿಂದ ಬಿಟ್ಟು, ನೊಣದ ತಲೆ ನಿಮ್ಮ ಕಡೆ ಬರೋ ಹಂಗೆ ತಿರುಗಿಸಿ ನಿಧಾನಕ್ಕೆ ಫೋಕಸ್ ಮಾಡಿ, ಮೊದಲು ಏನೂ ಕಾಣಲ್ಲ, ಆಮೇಲೆ ನಾಲ್ಕೈದು ಚಿಕ್ಕ ಕಪ್ಪು ಕೂದಲು ಒಂದರ ಹಿಂದೆ ಒಂದು ನಿಂತಿರೋದು ಕಾಣುತ್ತೆ. ಇದನ್ನ ಇಲ್ಲಿ ಕಂಡವರಿಗೆ ಅಲ್ಲಿನದು ಕಾಣುತ್ತೆ.

ಜೀನಸ್, ಸ್ಪೀಶೀಸ್

ಕ್ರೈಸೋಮೈನೇ ಒಳಗೆ ಬಂದ್ವಿ. ರೆಕ್ಕೆ ಬುಡದ ಕ್ಯಾಲಿಪ್ಟರ್ ಪೊರೆ ಎರಡು ಭಾಗ, ಮೇಲಿನದು ಕೆಳಗಿನದು, ಈಗ ಕೆಳಗಿನ ಕ್ಯಾಲಿಪ್ಟರ್ ಮೇಲ್ಮೈ ನೋಡಿ, ಕೂದಲಿದ್ರೆ ಕ್ರೈಸೋಮಿಯಾ, ನಮ್ಮೂರಿಂದು. ಬೋಳಾಗಿದ್ರೆ ಉತ್ತರದ ಗುಂಪು, ಅಂದ್ರೆ ಫಾರ್ಮಿಯಾ, ಪ್ರೋಟೋಫಾರ್ಮಿಯಾ, ಪ್ರೋಟೋಕ್ಯಾಲಿಫೋರಾ ಇವುಗಳಲ್ಲಿ ಒಂದು. ಪ್ರೋಟೋಕ್ಯಾಲಿಫೋರಾದ ಎದೆ ಮೇಲೆ ಬೂದಿ ಹಚ್ಚಿದ ಹಂಗೆ ಮಬ್ಬು ಇರುತ್ತೆ, ಹೊಟ್ಟೆ ಮಾತ್ರ ಹೊಳೆಯುತ್ತೆ, ಅದರ ಹುಳುಗಳು ಹಕ್ಕಿಗೂಡಲ್ಲಿ ಮರಿಗಳ ರಕ್ತ ಹೀರೋವು. ಎದೆ ಹೊಟ್ಟೆ ಎರಡೂ ಹೊಳೆಯೋ ಹಂಗಿದ್ರೆ ಉಳಿದ ಎರಡರಲ್ಲಿ ಒಂದು.

ಆ ಎರಡನ್ನ ಬಿಡಿಸೋದು ಮುಂದಿನ ಸ್ಪೈರಕಲ್. ತಲೆ ಹಿಂದೆ, ಭುಜದ ಕೆಳಗೆ, ಮುಂಗಾಲಿನ ಬುಡದ ಮೇಲೆ ಒಂದು ಕಿಂಡಿ, ಅದರ ಸುತ್ತ ರೋಮ. ಫಾರ್ಮಿಯಾ ರೆಜಿನಾದಲ್ಲಿ ಆ ರೋಮ ಕಿತ್ತಳೆ ಬಣ್ಣ, ಕಪ್ಪು ಮೈಮೇಲೆ ದೂರದಿಂದಲೇ ಹೊಳೆಯುತ್ತೆ. ಪ್ರೋಟೋಫಾರ್ಮಿಯಾ ಟೆರ್ರಿನೋವಿಯಲ್ಲಿ ಕಪ್ಪು ಅಥವಾ ಕಡುಕಂದು, ಮೈ ಬಣ್ಣದಲ್ಲೇ ಕರಗಿ ಹೋಗಿರುತ್ತೆ, ಜೊತೆಗೆ ಮೇಲಿನ ಕ್ಯಾಲಿಪ್ಟರ್‌ನ ಕೂದಲೂ ಕಪ್ಪು, ಫಾರ್ಮಿಯಾದಲ್ಲಿ ಅದು ಬಿಳಿ. ಇದಕ್ಕೇ ಎರಡು ಕ್ರೈಸೋಮಿಯಾ ಹಿಡೀರಿ ಅಂದಿದ್ದು, ಮೆಗಾಸೆಫಲಾದ ಮುಂದಿನ ಸ್ಪೈರಕಲ್ ಕಡುಕಂದು, ರೂಫಿಫೇಸೀಸ್‌ದು ಬಿಳಿಚು, ಅದೇ ಕಿಂಡಿ ಅದೇ ಪರೀಕ್ಷೆ ಇಲ್ಲೇ ಅಭ್ಯಾಸ ಆಗಿಹೋಗುತ್ತೆ. ಹಳೇ ಸ್ಪೆಸಿಮನ್ನಲ್ಲಿ ಧೂಳು ಕೂತು ಕಿತ್ತಳೇನೂ ಕಂದಾಗಿ ಕಾಣಬೋದು, ಸಣ್ಣ ಬ್ರಶ್‌ನ ಆಲ್ಕೋಹಾಲಲ್ಲಿ ಅದ್ದಿ ಮೆಲ್ಲಗೆ ಸವರಿ ಆಮೇಲೆ ತೀರ್ಮಾನ ಮಾಡಿ.

ಸ್ಪಿಲೊಗೋನಾ ತರದ ಜೀನಸ್‌ಗಳಲ್ಲಿ ಇಷ್ಟಕ್ಕೇ ಮುಗಿಯೋಲ್ಲ, ಗಂಡಿನ ಜನನಾಂಗ ನೋಡಲೇಬೇಕು. ಹೊಟ್ಟೆಯ ತುದಿ ಬಿಡಿಸಿ 10% ಪೊಟ್ಯಾಶಿಯಂ ಹೈಡ್ರಾಕ್ಸೈಡಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ತೊಳೆದು ಗ್ಲಿಸರಿನ್ ಹನಿಯಲ್ಲಿ ನೋಡಿ, ಮುಗಿದ ಮೇಲೆ ಪುಟ್ಟ ಸೀಸೆಯಲ್ಲಿ ಹಾಕಿ ಅದೇ ಪಿನ್ನಿಗೆ ಚುಚ್ಚಿ. ಕೆಮಿಕಲ್ ಚರ್ಮ ಸುಡುತ್ತೆ, ಗ್ಲೌಸ್ ಹಾಕೊಳ್ಳಿ, ಬೇರೆಯವರ ಸ್ಪೆಸಿಮನ್ ಆದ್ರೆ ಬರಹದಲ್ಲಿ ಪರ್ಮಿಶನ್ ಇಲ್ದೆ ಇದನ್ನ ಮಾಡಲೇಬೇಡಿ.

ಡಿಎನ್‌ಎ ಇದ್ಯಲ್ಲ ಅನ್ನೋರಿಗೆ

ಒಂದು ಕಾಲು ಕಿತ್ತು 95% ಎಥನಾಲಲ್ಲಿ ಹಾಕಿ ಕಳಿಸಿದ್ರೆ ಸಿಒಐ ಅನ್ನೋ ಮೈಟೊಕಾಂಡ್ರಿಯಾದ ಜೀನಿನ 658 ಬೇಸ್ ಓದಿ ಕೊಡ್ತಾರೆ, ಅದನ್ನ ಬೋಲ್ಡ್ (BOLD) ಅನ್ನೋ ಆನ್‌ಲೈನ್ ಡೇಟಾಬೇಸಲ್ಲಿ ಹಾಕಿ ಹೋಲಿಸ್ಬೋದು, ಇದಕ್ಕೇ ಡಿಎನ್‌ಎ ಬಾರ್‌ಕೋಡ್ ಅನ್ನೋದು. 2003ರಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್ ತಂಡ ಶುರು ಮಾಡಿದ ವಿಧಾನ, ಒಳ್ಳೇದೇ. ಆದ್ರೆ ನಮ್ಮ ನೊಣದ ಪಕ್ಕದ ಮನೆಯದಾದ ಪ್ರೋಟೋಕ್ಯಾಲಿಫೋರಾದಲ್ಲೇ ಇದು ಕೈಕೊಟ್ಟಿದೆ. 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 12 ಸ್ಪೀಶೀಸ್ ತಗೊಂಡು ನೋಡಿದ್ರು, ಅರ್ಧಕ್ಕಿಂತ ಹೆಚ್ಚಿನವನ್ನ ಬಾರ್‌ಕೋಡ್ ಬೇರೆ ಬೇರೆ ಅಂತ ತೋರಿಸೋಕೇ ಆಗಲಿಲ್ಲ. ಕಾರಣ ವೊಲ್ಬಾಕಿಯಾ ಅನ್ನೋ ಬ್ಯಾಕ್ಟೀರಿಯಾ, ಅದೂ ತಾಯಿಯಿಂದ ಬರುತ್ತೆ, ಸಿಒಐ ಇರೋ ಮೈಟೊಕಾಂಡ್ರಿಯಾನೂ ತಾಯಿಯಿಂದ ಬರುತ್ತೆ, ಸ್ಪೀಶೀಸ್‌ಗಳ ನಡುವೆ ಅಡ್ಡಹಾಯ್ದು ಹೋದಾಗ ಬ್ಯಾಕ್ಟೀರಿಯಾ ಜೊತೆ ಆ ಜೀನೂ ಸೇರಿ ಹಬ್ಬಿಬಿಡುತ್ತೆ. ಹಂಗಾಗಿ ನನ್ನ ಅಭಿಪ್ರಾಯ ಇಷ್ಟು, ಕೂದಲು ಮೊದಲು, ಬಾರ್‌ಕೋಡ್ ಆಮೇಲೆ, ಎರಡೂ ಒಂದೇ ಹೆಸರು ಹೇಳಿದ್ರೆ ನಂಬಿ, ಬೇರೆ ಹೇಳಿದ್ರೆ ಮತ್ತೆ ಮೈಕ್ರೋಸ್ಕೋಪಿಗೆ ಬನ್ನಿ.

ಬರೀ ಫೋಟೋ ಇದ್ದೋರು ಮೇಲಿನ ಮೆಟ್ಟಲುಗಳಲ್ಲಿ ಯಾವುದು ಕಾಣುತ್ತೋ ಅಲ್ಲೀವರ್ಗೂ ಮಾತ್ರ ಇಳೀರಿ. ಸ್ಪೈರಕಲ್ ಕಾಣ್ತಿಲ್ಲ ಅಂದ್ರೆ ಸ್ಪೀಶೀಸ್ ಹೆಸರು ಹೇಳೋ ಹಂಗಿಲ್ಲ.

ಹೆಸರು ಬರೆಯೋದು, ಜೋಪಾನ ಮಾಡೋದು

ಪ್ರೋಟೋಫಾರ್ಮಿಯಾ ಟೆರ್ರಿನೋವಿ (ರೊಬಿನೋ ದೆವ್ವಾದಿ, 1830) ಅಂತ ಬರೀಬೇಕು, ಆ ಬ್ರಾಕೆಟ್ ಬಿಡಬಾರದು. ರೊಬಿನೋ ದೆವ್ವಾದಿ ಅನ್ನೋ ಫ್ರಾನ್ಸಿನ ಕೀಟತಜ್ಞ 1830ರಲ್ಲಿ ಇದನ್ನ ಫಾರ್ಮಿಯಾ ಜೀನಸ್ಸಿಗೆ ಸೇರಿಸಿ ವಿವರಿಸಿದ್ದ, ಆಮೇಲೆ 1908ರಲ್ಲಿ ಟೌನ್‌ಸೆಂಡ್ ಅನ್ನೋ ಕೀಟತಜ್ಞ ಪ್ರೋಟೋಫಾರ್ಮಿಯಾ ಅನ್ನೋ ಜೀನಸ್ ಮಾಡಿದ, ಜೀನಸ್ ಬದಲಾಗಿದೆ ಅಂತ ಓದುಗರಿಗೆ ಹೇಳೋದೇ ಆ ಬ್ರಾಕೆಟ್. ಯಾವ ಮೆಟ್ಟಲಿಗೂ ಕೂರದ ನೊಣ ಸಿಕ್ಕಿದ್ರೆ ಹೊಸ ಸ್ಪೀಶೀಸ್ ಅಂತ ಕುಣಿಯೋ ಮುಂಚೆ ಇನ್ನೊಂದು ಗಂಡು, ಇನ್ನೊಂದು ಹೆಣ್ಣು ನೋಡಿ, ಒಂದೇ ಸ್ಪೆಸಿಮನ್ನಲ್ಲಿ ಕೂದಲು ಉದುರಿರ್ಬೋದು, ಹಳೇ ಹೆಸರುಗಳ ಕ್ಯಾಟಲಾಗ್ ನೋಡಿ, ಮ್ಯೂಸಿಯಂನಲ್ಲಿರೋ ಟೈಪ್ ಸ್ಪೆಸಿಮನ್ (ಮೊದಲು ಹೆಸರಿಡುವಾಗ ಆಧಾರವಾಗಿಟ್ಟುಕೊಂಡ ನೊಣ) ಜೊತೆ ಹೋಲಿಸದೆ ಹೊಸ ಹೆಸರು ಇಡೋಕೆ ಹೋಗಬೇಡಿ.

ಲೇಬಲ್ ಎರಡು. ಮೊದಲನೇದ್ರಲ್ಲಿ ದೇಶ, ಜಾಗ, ಅಕ್ಷಾಂಶ ರೇಖಾಂಶ, ಎತ್ತರ, ತಾರೀಖು, ಹಿಡಿದವರ ಹೆಸರು. ತಿಂಗಳನ್ನ ರೋಮನ್ ಅಂಕೀಲಿ ಬರೀರಿ, ದಿನ ತಿಂಗಳು ಅದಲು ಬದಲು ಆಗಲ್ಲ. ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ನಿ ಓಲೆಸುಂಡ್‌ನಲ್ಲಿ 2008ರಿಂದ ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರ ಇದೆ, ಆ ಕಡೆ ಹೋಗೋರು ನಿಮಗೇನಾದ್ರೂ ತಂದುಕೊಡ್ತೀನಿ ಅಂದ್ರೆ ಅಲ್ಲಿನ ಸಂಗ್ರಹ ಪರ್ಮಿಟ್ ಕಾಗದದ ಕಾಪಿ ಮೊದಲು ಕೇಳಿ, ಪರ್ಮಿಟ್ ನಂಬರ್ ನೋಟ್ ಬುಕ್ಕಿಗೆ ಹೋಗಲಿ. ಮಳೆಗಾಲದಲ್ಲಿ ನಮ್ಮ ಕಡೆ ಬೂಷ್ಟು ಹಿಡಿಯುತ್ತೆ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಡಬ್ಬಿ ಇಟ್ಟಿರೋ ಮೇಜಿನ ಕಾಲುಗಳನ್ನ ನೀರಿನ ಬಟ್ಟಲಲ್ಲಿ ಇಡಿ, ಇಲ್ಲಾಂದ್ರೆ ಒಂದೇ ರಾತ್ರೀಲಿ ಇರುವೆ ಬಂದು ಹೊಟ್ಟೆ ಭಾಗಾನೇ ಹೊತ್ಕೊಂಡು ಹೋಗ್ತವೆ.

ಎರಡನೇ ಲೇಬಲ್ ಗುರ್ತಿಸಿದವರದ್ದು, ಹೆಸರು, ಗಂಡೋ ಹೆಣ್ಣೋ, ನಿಮ್ಮ ಹೆಸರು, ವರ್ಷ. ಹಿಂದೆ ಯಾರಾದ್ರೂ ಬೇರೆ ಹೆಸರು ಬರೆದ ಲೇಬಲ್ ಪಿನ್ನಲ್ಲಿದ್ರೆ ಅದನ್ನ ಕೀಳಬೇಡಿ, ನಿಮ್ಮದನ್ನ ಅದರ ಕೆಳಗೆ ಚುಚ್ಚಿ. ಸ್ಪೈರಕಲ್ ಬಣ್ಣದಲ್ಲಿ ಇನ್ನೂ ಅನುಮಾನ ಉಳಿದಿದ್ರೆ "ಫಾರ್ಮಿಯಾ ಅಥವಾ ಪ್ರೋಟೋಫಾರ್ಮಿಯಾ" ಅಂತಾನೇ ಬರೆದು, ಸ್ಟೆಮ್ ವೇನ್, ಮುಂದಿನ ಸ್ಪೈರಕಲ್, ಕ್ಯಾಲಿಪ್ಟರ್ ಮೂರರ ಫೋಟೋ ತೆಗೆದು ಆ ಗುಂಪಲ್ಲಿ ಕೆಲಸ ಮಾಡಿರೋರಿಗೆ ಕಳಿಸಿ, ಇಡೀ ನೊಣದ ಫೋಟೋ ಒಂದೇ ಕಳಿಸಿದ್ರೆ ಅವರೂ ಏನೂ ಹೇಳೋಕಾಗಲ್ಲ.